ಸಾವಕಾರನಿಗೆ ನನ್ನ ಪಾಟಿ ಸವಾಲು

ಸಮನ್ಸ್ ಹಿಡಿದುಕೊಂಡು ಪೊಲೀಸಿನವನು ಬಂದದ್ದು ಉಣಕಲ್ಲಿನ ನಮ್ಮ ಮನೆಗಲ್ಲ, ಧಾರವಾಡದಲ್ಲಿ ನಾನು ಗಣಿತ ಕಲಿಸುವ ಹೈಸ್ಕೂಲಿಗೆ. ಒಂಬತ್ತನೆಯ ತರಗತಿಗೆ ಪಾಠ ನಡೆದಿತ್ತು. ಹೆಡ್‌ಮಾಸ್ತರರು ಬಾಗಿಲಿಗೆ ಬಂದು, "ಟೀಚರ್, ಸ್ವಲ್ಪ ಹೊರಗ ಬರ್ರಿ" ಎಂದರು. ವರಾಂಡದಲ್ಲಿ ಖಾಕಿ ತೊಟ್ಟ ಮನುಷ್ಯನನ್ನು ಕಂಡು, ಅಲ್ಲಿಯವರೆಗೆ ಗುಸುಗುಸು ಮಾಡುತ್ತಿದ್ದ ಮಕ್ಕಳೆಲ್ಲ ಗಪ್ಪಾದರು. ಅವನು ಧ್ವನಿ ತಗ್ಗಿಸಿ, "ಚೆಕ್ ಬೌನ್ಸ್ ಕೇಸ್ ಐತ್ರಿ ಮೇಡಂ, ಇಲ್ಲೊಂದು ಸಹಿ ಮಾಡ್ರಿ" ಎಂದ. ಅವನು ಧ್ವನಿ ತಗ್ಗಿಸಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಒಬ್ಬರು ನನ್ನ ತಾಟಿಗೆ ಒತ್ತಾಯ ಮಾಡಿ ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಹಾಕಿದರು. ಸತ್ತವರ ಮನೆಯಲ್ಲಿ ಊಟಕ್ಕೆ ಬಡಿಸುವ ಹಾಗೆ ಬಡಿಸಿದರು.

ಸಮನ್ಸಿನ ಮೇಲೆ ನನ್ನ ವಿಳಾಸವೆಂದು ಶಾಲೆಯ ಹೆಸರು ಬರೆಸಲಾಗಿತ್ತು. ಬರೆಸಿದವನಿಗೆ ನಮ್ಮ ಮನೆ ಚೆನ್ನಾಗಿ ಗೊತ್ತಿತ್ತು. ನಮ್ಮ ಪಡಸಾಲೆಯಲ್ಲಿ ಕುಳಿತು, ಅವ್ವ ಮಾಡಿದ ಹೋಳಿಗೆಗೆ ಎರಡೆರಡು ಸಲ ತುಪ್ಪ ಹಾಕಿಸಿಕೊಂಡು ಉಂಡು ಹೋದವನು. ಬೇಕೆಂದೇ ಶಾಲೆಯ ವಿಳಾಸ ಕೊಟ್ಟಿದ್ದ. ಅದನ್ನು ಓದಿದ ಗಳಿಗೆಯಲ್ಲಿ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅವನು ನನ್ನ ಮಾವನಾಗಬೇಕಿದ್ದವನು. ಹತ್ತಿ ವ್ಯಾಪಾರಿ, ಮಾರ್ಕೆಟ್ ಯಾರ್ಡಿನಲ್ಲಿ ದೊಡ್ಡ ದಲಾಲಿ ಅಂಗಡಿ. ಎಲ್ಲರೂ ಸಾವಕಾರ್ರು ಎನ್ನುತ್ತಿದ್ದರು, ನಾವೂ ಹಾಗೇ ಎನ್ನುತ್ತಿದ್ದೆವು. ನನಗೆ ಆಗ ಮೂವತ್ತು ದಾಟಿತ್ತು. ಅಪ್ಪ ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದರು, ನಾನೊಬ್ಬಳೇ ಮಗಳು. ಅಂಗಡಿಯಲ್ಲಿ ತಂದೆಯ ಕೈಕೆಳಗೆ ಕೆಲಸ ನೋಡಿಕೊಳ್ಳುತ್ತಿದ್ದ ಸಾವಕಾರನ ಕಿರಿಯ ಮಗನ ಜೊತೆ ನನ್ನ ನಿಶ್ಚಯವಾಯಿತು.

ಸಾವಕಾರ ನಿಶ್ಚಯದ ಮುಂಚೆ ಅಪ್ಪನಿಗೆ, "ನಾವೇನೂ ಕೇಳೂದಿಲ್ರಿ. ನಿಮ್ಮ ಮಗಳಿಗೆ ನೀವ ಏನ ಕೊಡ್ತೀರೋ ಅದು ನಿಮ್ಮ ಪ್ರೀತಿ" ಎಂದಿದ್ದ. ಎರಡು ದಿನ ಬಿಟ್ಟು ಸಂಬಂಧ ಕೂಡಿಸಿದವರ ಕೈಲಿ ಹೇಳಿಕಳಿಸಿದ: ಪ್ರೀತಿ ಎಂದರೆ ಹುಡುಗನಿಗೆ ಕಾರು, ಕಾರೆಂದರೆ ಎಂಟು ಲಕ್ಷ. ಅಪ್ಪ ಪಿಂಚಣಿಯ ಲೆಕ್ಕ ಹಾಕುತ್ತ ಕುಳಿತದ್ದು ನೋಡಲಾರದೆ, "ನನ್ನ ಪಗಾರದ್ದು ಉಳಿಸಿದ್ದು ಐತಪ್ಪಾ" ಎಂದೆ. ನಿಶ್ಚಯದ ದಿನ, ಎಲೆ ಅಡಿಕೆ ಬದಲಾದ ಮೇಲೆ, ಒಳಕೋಣೆಯಲ್ಲಿ ಸಾವಕಾರನ ಹೆಸರಿಗೆ ನಾನೇ ಚೆಕ್ಕು ಬರೆದುಕೊಟ್ಟೆ. "ತಾರೀಖು ಹಾಕಬ್ಯಾಡವಾ, ಕಾರ್ ಬುಕ್ ಮಾಡೋ ದಿನಾ ನಾವ ಹಾಕ್ಕೋತೇವಿ" ಎಂದ. ಅವತ್ತು ಊಟದ ಪಂಕ್ತಿಯಲ್ಲಿ ಕುಳಿತು ಅವನು ತನ್ನ ಹಿರಿಯ ಸೊಸೆ ತವರಿನಿಂದ ಏನೇನು ತಂದಳು ಎಂಬುದನ್ನು ಜೋರಾಗಿ ಹೇಳಿದ. ಬಂಗಾರ, ಕಪಾಟು, ಕಾರು. ಹೇಳುವಾಗ ಎದೆಯ ಮೇಲಿನ ಶಲ್ಯವನ್ನು ಮತ್ತೆಮತ್ತೆ ಸರಿಮಾಡಿಕೊಳ್ಳುತ್ತಿದ್ದ.

ಒಂದು ತಿಂಗಳೂ ಆಗಿರಲಿಲ್ಲ, ಅಪ್ಪನಿಗೆ ಎದೆನೋವು ಬಂತು. ದವಾಖಾನೆಗೆ ಹಾಕಿದೆವು, ಸ್ಟೆಂಟ್ ಹಾಕಿದರು. ಮರುದಿನ ಸಾವಕಾರ ಬಂದ. ಕೈಯಲ್ಲಿ ದ್ರಾಕ್ಷಿ ಹಣ್ಣಿನ ಚೀಲ. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತು, ಡಾಕ್ಟರು ಏನೆಂದರು ಎಂದು ಕೇಳಿದ. ಅಪ್ಪನಿಗೆ ಮಾತಾಡಲು ಆಗುತ್ತಿರಲಿಲ್ಲ, ಅವ್ವ ಹೇಳಿದಳು. ಅವನು ಪೂರಾ ಕೇಳಿಸಿಕೊಂಡು, ನನ್ನ ಕಡೆ ತಿರುಗಿದ.

"ಅಲ್ಲವಾ, ಹೆಚ್ಚು ಕಡಿಮಿ ಏನರ ಆದ್ರ, ಆ ಚೆಕ್ಕಿಗೆ ಏನೂ ತ್ರಾಸ್ ಇಲ್ಲಲ್ಲ? ಖಾತೆ ನಿನ್ನ ಹೆಸರಿಲೇನ ಐತೆಲ್ಲ?"

ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಮಲಗಿರಲಿಲ್ಲ. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿದದ್ದನ್ನು ನಾನು ನೋಡಿದೆ. ಸಾವಕಾರ ನೋಡಲಿಲ್ಲ, ದ್ರಾಕ್ಷಿ ತೊಳೆದು ಕೊಡಿರೆಂದು ಅವ್ವನಿಗೆ ಹೇಳುತ್ತಿದ್ದ. ಅವತ್ತಿನಿಂದ ಅವನ ಬಗ್ಗೆ ಹೇಳುವಾಗ ನನ್ನ ಬಾಯಲ್ಲಿ ಬಹುವಚನ ಹೊರಡಲಿಲ್ಲ.

ಸಂಜೆ ಹುಡುಗನಿಗೆ ಫೋನು ಮಾಡಿ ಹೇಳಿದೆ. ಅವನು, "ಅಪ್ಪಾರು ವ್ಯವಹಾರಸ್ಥ ಮನುಷ್ಯಾ. ಅವರು ಕೇಳಿದ್ರಾಗ ತಪ್ಪೇನೈತಿ?" ಎಂದ. ಮರುದಿನ ಬ್ಯಾಂಕಿಗೆ ಹೋಗಿ ಆ ಚೆಕ್ಕಿಗೆ ಹಣ ಕೊಡಬಾರದೆಂದು ಬರೆದುಕೊಟ್ಟೆ. ಅಲ್ಲಿಂದಲೇ ಹುಡುಗನಿಗೆ ಮತ್ತೆ ಫೋನು ಮಾಡಿ, ಮದುವೆ ಬೇಡ, ಚೆಕ್ಕು ವಾಪಸು ಕಳಿಸಿರಿ ಎಂದೆ. ಚೆಕ್ಕು ವಾಪಸು ಬರಲಿಲ್ಲ. ಎರಡು ತಿಂಗಳು ಸುಮ್ಮನಿದ್ದು, ಸಾವಕಾರ ಅದರ ಮೇಲೆ ತಾರೀಖು ಬರೆದು ಬ್ಯಾಂಕಿಗೆ ಹಾಕಿದ. ಬ್ಯಾಂಕು ತಿರುಗಿಸಿತು. ಅವನ ವಕೀಲರಿಂದ ನೋಟಿಸು ಬಂತು. ಅದರಲ್ಲಿ ನಿಶ್ಚಯದ ಮಾತೇ ಇರಲಿಲ್ಲ. ನಾನು ಮನೆ ರಿಪೇರಿಗೆಂದು ಅವನ ಅಂಗಡಿಗೆ ಹೋಗಿ ಎಂಟು ಲಕ್ಷ ಕೈಗಡ ತಂದಿದ್ದೆನಂತೆ, ಅದನ್ನು ತೀರಿಸಲು ಚೆಕ್ಕು ಕೊಟ್ಟು ಮೋಸದಿಂದ ತಡೆಹಿಡಿದೆನಂತೆ.

ಅಪ್ಪನ ಗುರುತಿನ ವಕೀಲರೊಬ್ಬರ ಹತ್ತಿರ ಹೋದೆವು. ಅವರು ನೋಟಿಸು ಓದಿ, "ಇದಕ್ಕ ಉತ್ತರಾ ಗಿತ್ತರಾ ಬ್ಯಾಡ್ರಿ. ನಾ ಮಾತಾಡಿ ಮುಗಸ್ತೇನಿ" ಎಂದರು. ಮಾತಾಡಿ ಮುಗಿಸಲಿಲ್ಲ. ಉತ್ತರ ಕೊಡುವ ಅವಧಿ ಮುಗಿಯಿತು, ಕೇಸು ದಾಖಲಾಯಿತು, ಸಮನ್ಸು ಶಾಲೆಗೆ ಬಂತು. ಸಮನ್ಸು ಹಿಡಿದು ಅವರ ಆಫೀಸಿಗೆ ಹೋದಾಗ ಅವರ ರಾಗ ಬದಲಾಗಿತ್ತು.

"ನನ್ನ ಖಾತ್ಯಾಗ ರೊಕ್ಕಾ ಇತ್ತಲ್ರಿ. ರೊಕ್ಕಾ ಇಲ್ದ ಬೌನ್ಸ್ ಆಗಿಲ್ಲ, ನಾನ ತಡದೇನಿ" ಎಂದೆ.

"ಇದ್ರೂ ಅಷ್ಟ, ಇಲ್ದಿದ್ರೂ ಅಷ್ಟರಿ. ಚೆಕ್ಕಿನ ಮ್ಯಾಲ ನಿಮ್ಮ ಸಹಿ ಐತಿ. ಸಾಲಾ ಇತ್ತು ಅಂತನ ಕೋರ್ಟು ಹಿಡೀತೈತಿ. ಇರಲಿಲ್ಲ ಅಂತ ತೋರಸೂದು ನಿಮ್ಮ ಮ್ಯಾಲ."

"ಅದು ವರದಕ್ಷಿಣೆ ಅಂತ ಹೇಳ್ತೇನಿ."

ಅವರು ನಕ್ಕರು. "ಹೇಳ್ರಿ. ವರದಕ್ಷಿಣೆ ಕೊಟ್ಟವರೂ ಅಪರಾಧಿಗಳ. ನಿಮ್ಮ ಅಪ್ಪಾರನ್ನೂ ಕಟಕಟೆ ಹತ್ತಸ್ತೀರೇನು? ಅರ್ಧಾ ಕೊಟ್ಟು ರಾಜಿ ಆಗ್ರಿ. ಶಿಕ್ಷೆ ಆದ್ರ ನೌಕರಿ ಹೋಗ್ತೈತಿ."

ಅಪ್ಪ ನನ್ನ ಮುಖ ನೋಡಿದರು. ಅವರು ಒಪ್ಪಿಬಿಟ್ಟಿದ್ದರು. ನಾನು ಕಾಗದಗಳನ್ನು ಎತ್ತಿಕೊಂಡು, "ಬರ್ರಿ ಅಪ್ಪಾ" ಎಂದೆ. ಮೆಟ್ಟಿಲು ಇಳಿಯುತ್ತ ಅಪ್ಪ, "ಬ್ಯಾರೆ ವಕೀಲರನ್ನ ಹಿಡೀಯೂನೇನು?" ಎಂದು ಕೇಳಿದರು.

"ಇಲ್ಲ. ನಾನ ನಡಸ್ತೇನಿ."

ಜನ ಇದನ್ನು ಧೈರ್ಯ ಎಂದರು, ಹುಚ್ಚು ಎಂದವರೂ ಇದ್ದರು. ನಿಜ ಹೇಳುತ್ತೇನೆ. ವಕೀಲರಿಗೆ ಕೊಡಲು ಹಣವಿಲ್ಲದೆ ನಾನು ಹೀಗೆ ಮಾಡಲಿಲ್ಲ. ನ್ಯಾಯದ ಮೇಲಿನ ಪ್ರೀತಿಗಾಗಿಯೂ ಅಲ್ಲ. ಫಿರ್ಯಾದಿಯಾದವನು ಸಾಕ್ಷಿ ಹೇಳಲು ಕಟಕಟೆಗೆ ಬರಲೇಬೇಕು, ಆಗ ಎದುರಿನವರು ಅವನಿಗೆ ಪಾಟಿ ಸವಾಲು ಹಾಕುತ್ತಾರೆ ಎಂದು ನಾನು ಓದಿ ತಿಳಿದುಕೊಂಡಿದ್ದೆ. ವಕೀಲರನ್ನು ಇಟ್ಟರೆ ಪ್ರಶ್ನೆ ಕೇಳುವವರು ಅವರು, ನಾನು ಹಿಂದೆ ಕೈಕಟ್ಟಿ ನಿಲ್ಲಬೇಕು. ಆ ಮನುಷ್ಯ ನಿಂತಿರುವಾಗ ನಾನೇ ಕೇಳಬೇಕಾಗಿತ್ತು. ಅವನು ನನಗೆ ಉತ್ತರ ಕೊಡಬೇಕಾಗಿತ್ತು. ಆ ಆಸೆ ಹೊಟ್ಟೆಯಲ್ಲಿ ಕೆಂಡದ ಹಾಗೆ ಕುಳಿತಿತ್ತು.

ಮೊದಲ ತಾರೀಖಿಗೆ ಹುಬ್ಬಳ್ಳಿಯ ಕೋರ್ಟಿಗೆ ಅಪ್ಪ ಜೊತೆಗೆ ಬಂದರು. ನನಗೆ ಜಾಮೀನು ನಿಲ್ಲಲು ಮನೆಯ ಕಾಗದ ತಂದಿದ್ದರು. ನ್ಯಾಯಾಧೀಶರು ಹೆಣ್ಣುಮಗಳು, ನನಗಿಂತ ಚಿಕ್ಕವರಿರಬೇಕು. ನನ್ನ ಹೆಸರು ಕೂಗಿದಾಗ ಆರೋಪಿಗಳು ನಿಲ್ಲುವ ಜಾಗದಲ್ಲಿ ಹೋಗಿ ನಿಂತೆ.

"ನಿಮ್ಮ ವಕೀಲರು ಯಾರು?"

"ಯಾರೂ ಇಲ್ಲ. ನನ್ನ ಕೇಸನ್ನು ನಾನೇ ನಡೆಸುತ್ತೇನೆ."

ಅವರು ತಲೆ ಎತ್ತಿದರು. "ಹೆಣ್ಣುಮಕ್ಕಳಿಗೆ ಸರ್ಕಾರದಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಗೊತ್ತಿದೆಯೇ?"

"ಗೊತ್ತಿದೆ. ಬೇಡ."

ಮುಂದಿನ ಸಾಲಿನಲ್ಲಿ ಕುಳಿತಿದ್ದ ವಕೀಲರಲ್ಲಿ ಒಂದಿಬ್ಬರು ಹಿಂದೆ ತಿರುಗಿ ನೋಡಿದರು. ಸಾವಕಾರನ ವಕೀಲರು ನಗುವನ್ನು ತಡೆದುಕೊಳ್ಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಆರೋಪವನ್ನು ಓದಿ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲ ಎಂದೆ. ಅಪ್ಪ ಜಾಮೀನಿನ ಕಾಗದವನ್ನು ಪೂರಾ ಓದಿ ಸಹಿ ಹಾಕಿದರು. ಇಡೀ ಜೀವಮಾನ ಬೇರೆಯವರ ಕಾಗದಪತ್ರ ಜೋಪಾನವಾಗಿ ಮುಟ್ಟಿಸಿದ ಮನುಷ್ಯ, ಮಗಳು ಓಡಿಹೋಗುವುದಿಲ್ಲವೆಂದು ಬರೆದುಕೊಡುತ್ತಿದ್ದರು. ನಾನು ಹೊಟ್ಟೆಯೊಳಗಿನ ಕೆಂಡಕ್ಕೆ ಇನ್ನಷ್ಟು ಕಟ್ಟಿಗೆ ಒಟ್ಟಿದೆ.

ಆಮೇಲಿನ ತಿಂಗಳುಗಳಲ್ಲಿ ಶಾಲೆಗೆ ರಜೆ ಸಿಕ್ಕ ದಿನಗಳಲ್ಲೆಲ್ಲ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಕೋರ್ಟಿಗೆ ಹೋದೆ. ನನ್ನ ತಾರೀಖು ಇರಲಿ ಬಿಡಲಿ, ಹಿಂದಿನ ಬೆಂಚಿನಲ್ಲಿ ಕುಳಿತು ಬೇರೆಯವರ ಪಾಟಿ ಸವಾಲು ಕೇಳಿದೆ. ಒಳ್ಳೆಯ ವಕೀಲರು ಜೋರು ಮಾಡುವುದಿಲ್ಲ ಎಂಬುದು ನನಗೆ ಬೇಗ ತಿಳಿಯಿತು. ಅವರು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಾರೆ, ಹೌದು ಇಲ್ಲ ಎನ್ನುವಷ್ಟು ಮಾತ್ರ ಜಾಗ ಬಿಡುತ್ತಾರೆ. ಇದು ನನಗೆ ಹೊಸದಾಗಿರಲಿಲ್ಲ. ಪಕ್ಕದವಳ ವಹಿ ನೋಡಿ ಲೆಕ್ಕ ಬರೆದ ಹುಡುಗಿಯನ್ನು ಹಿಡಿಯುವಾಗ ನಾನೂ ಹಾಗೇ ಮಾಡುತ್ತೇನೆ. ಉತ್ತರದ ಬಗ್ಗೆ ಕೇಳುವುದಿಲ್ಲ, ಎರಡನೆಯ ಸಾಲು ಎಲ್ಲಿಂದ ಬಂತು ಎಂದು ಕೇಳುತ್ತೇನೆ.

ಕಾನೂನಿನ ಪುಸ್ತಕಗಳನ್ನೂ ಕೊಂಡು ಓದಿದೆ. ಇಂಗ್ಲಿಷು ತೊಡಕಾಗಿತ್ತು, ಒಂದೊಂದು ವಾಕ್ಯಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ವಕೀಲರು ಹೆದರಿಸಿದ ಮಾತಿಗೆ ಉತ್ತರ ಅಲ್ಲೇ ಸಿಕ್ಕಿತು. ವರದಕ್ಷಿಣೆಯಿಂದ ನೊಂದವರು ತಾವೇ ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರನ್ನೇ ಆ ಅಪರಾಧಕ್ಕೆ ಹಿಡಿಯುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಎರಡು ಸಲ ಓದಿಸಿಕೊಂಡರು. "ಮತ್ತ ಅವರ ಯಾಕ ಹಂಗಂದ್ರು?" ಎಂದರು. ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಆದರೆ ಹೇಳಿದರಷ್ಟೇ ಸಾಲದು, ತೋರಿಸಬೇಕಾಗಿತ್ತು. ನನ್ನ ಹತ್ತಿರ ಇದ್ದದ್ದು ನಿಶ್ಚಯದ ಫೋಟೋಗಳು ಮಾತ್ರ. ನಿಶ್ಚಯವಾಗಿತ್ತು ಎಂಬುದನ್ನು ಅವು ಹೇಳುತ್ತಿದ್ದವು, ಚೆಕ್ಕು ಕಾರಿಗೆ ಕೊಟ್ಟದ್ದು ಎಂದು ಹೇಳುತ್ತಿರಲಿಲ್ಲ. ಸಂಬಂಧ ಕೂಡಿಸಿದವರನ್ನು ಸಾಕ್ಷಿ ಹೇಳಲು ಕೇಳಿದೆ. ಅವರು, "ಸಾವಕಾರ್ರ ವಿರುದ್ಧ ನಾ ಹೆಂಗ ಬರ್ಲಿ ಯವ್ವಾ, ನಮ್ಮ ಹತ್ತೀನೂ ಅಲ್ಲೇ ಹೋಗ್ತೈತಿ" ಎಂದು ಒಳಗೆ ಹೋಗಿಬಿಟ್ಟರು. ಹಾಗಾಗಿ ಆ ಮಾತನ್ನು ಸಾವಕಾರನ ಬಾಯಿಂದಲೇ ಹೊರಡಿಸಬೇಕಾಗಿತ್ತು. ಅವನು ಯಾವುದಕ್ಕೆ ಬಾಯಿ ಬಿಡುತ್ತಾನೆ ಎಂದು ಯೋಚಿಸುತ್ತ ಕುಳಿತೆ. ಅಡಿಗೆ ಮಾಡುವಾಗ, ಪೇಪರು ತಿದ್ದುವಾಗ, ಬಸ್ಸಿನಲ್ಲಿ ನಿಂತಿರುವಾಗ ಅದೇ ಯೋಚನೆ. ಬೇರೆ ಯಾವ ಗಂಡಸಿನ ಬಗ್ಗೆಯೂ ನಾನು ಅಷ್ಟು ಯೋಚನೆ ಮಾಡಿಲ್ಲ.

ಪಾಟಿ ಸವಾಲಿನ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಶಲ್ಯದ ಜೊತೆ ಬಂದ. ಹಿರಿಯ ಮಗನೂ ಮಾರ್ಕೆಟ್ಟಿನ ನಾಲ್ಕು ಜನ ವ್ಯಾಪಾರಿಗಳೂ ಹಿಂದೆ ಕುಳಿತಿದ್ದರು. ಹೆಣ್ಣುಮಗಳೊಬ್ಬಳು ತಾನೇ ಕೇಸು ನಡೆಸುವ ಮೋಜು ನೋಡಲು ಬಂದವರು. ಸತ್ಯವನ್ನೇ ಹೇಳುತ್ತೇನೆಂದು ಅವನು ಪ್ರಮಾಣ ಮಾಡಿದ. ನಾನು ಮುಂದೆ ಹೋಗಿ ನಿಂತೆ. ಧ್ವನಿ ನಡುಗಲಿಲ್ಲ. ನಲವತ್ತು ಮಕ್ಕಳ ಮುಂದೆ ದಿನಾ ನಿಲ್ಲುವವಳ ಧ್ವನಿ ಅದು.

"ನಿಮಗ ನನ್ನ ಪರಿಚಯ ಹೆಂಗ ಆತ್ರಿ?"

"ಮಂದಿ ಮುಖಾಂತರ."

"ನಿಮ್ಮ ಕಿರೀಮಗನ ಕೂಡ ನನ್ನ ನಿಶ್ಚಯ ಆಗಿತ್ತು. ಹೌದಲ್ರಿ?"

ಅವನು ತನ್ನ ವಕೀಲರ ಕಡೆ ನೋಡಿದ. ನಾನು ಫೋಟೋ ಮುಂದಿಟ್ಟೆ. ಅದರಲ್ಲಿ ಅವನು ನನ್ನ ತಲೆಯ ಮೇಲೆ ಅಕ್ಷತೆ ಹಾಕುತ್ತಿದ್ದ. "ಆಗಿತ್ತು" ಎಂದ.

"ಈ ಮಾತು ನೀವು ಕೋರ್ಟಿಗೆ ಕೊಟ್ಟ ದೂರಿನೊಳಗ ಎಲ್ಲೈತ್ರಿ?"

"ಅದರ ಸಂಬಂಧ ಇಲ್ಲಿಲ್ಲ. ಅದಕ್ಕ ಬರಸಿಲ್ಲ."

"ನಾ ಸಾಲಾ ಕೇಳಾಕ ನಿಮ್ಮ ಅಂಗಡಿಗೆ ಬಂದೆ ಅಂತೀರಿ. ನಿಶ್ಚಯ ಆದಮ್ಯಾಲೇನ್ರಿ?"

"ಹೌದು."

"ಸೊಸಿ ಆಗಾಕಿ, ಒಬ್ಬಾಕಿನ ಮಾರ್ಕೆಟ್ಟಿಗೆ ಬಂದು ಮಾವಗ ಕೈಗಡ ಕೇಳಿದ್ಳು. ನೀವು ತಗದು ಕೊಟ್ರಿ. ನಿಮ್ಮ ಮನ್ಯಾಗ ಯಾರಿಗೆ ಹೇಳಿದ್ರಿ?"

"ಯಾರಿಗೂ ಹೇಳಲಿಲ್ಲ."

"ನನ್ನ ಕಡೆಯಿಂದ ಚೀಟಿ ಬರಸ್ಕೊಂಡ್ರಿ?"

"ಇಲ್ಲ. ವಿಶ್ವಾಸದ ಮ್ಯಾಲ ಕೊಟ್ಟೇನಿ."

"ಹತ್ತಿ ತರೋ ರೈತರಿಗೆ ಮುಂಗಡ ಕೊಡ್ತೀರಲ್ಲ, ಅದೂ ವಿಶ್ವಾಸದ ಮ್ಯಾಲೇನ್ರಿ?"

ಹಿಂದೆ ವ್ಯಾಪಾರಿಗಳು ಕುಳಿತಿದ್ದರು. ಅವರ ಮುಂದೆ ಹೌದೆಂದರೆ ನಗೆಪಾಟಲು. "ಚೀಟಿ ಇಲ್ದ ನಮ್ಮ ಅಂಗಡ್ಯಾಗ ಒಂದ ಪೈಸೆನೂ ಹೊರಗ ಹೋಗೂದಿಲ್ಲ" ಎಂದ. ಹೇಳಿಯಾದ ಮೇಲೆ ಅದರ ಅರ್ಥ ಹೊಳೆದಿರಬೇಕು, ಶಲ್ಯ ಸರಿಮಾಡಿಕೊಂಡ. ನ್ಯಾಯಾಧೀಶರು ಆ ಮಾತನ್ನು ಟೈಪಿಸ್ಟರಿಗೆ ಒಂದಕ್ಷರ ಬಿಡದೆ ಹೇಳಿ ಬರೆಸಿದರು. ನಾನು ಅದು ಮುಗಿಯುವವರೆಗೆ ಕಾದೆ. ಅವನು ಕಟಕಟೆಯ ಕಟ್ಟಿಗೆಯ ಮೇಲೆ ಬೆರಳು ಬಡಿಯುತ್ತಿದ್ದ. ಆ ಬೆರಳಿನ ಸಪ್ಪಳ ಕೇಳಲು ನನಗೆ ಬಹಳ ಹಿತವಾಯಿತು.

"ಇರ್ಲಿ. ನಿಮ್ಮ ಕಿರೀಮಗಾ ಈಗ ಹೊಸಾ ಕಾರು ತಗೊಂಡಾನ ಹೌದಲ್ರಿ?"

"ಈ ಪ್ರಶ್ನೆ ಈ ಕೇಸಿಗೆ ಸಂಬಂಧಿಸಿದ್ದಲ್ಲ" ಎಂದು ಅವನ ವಕೀಲರು ಎದ್ದರು. ಸಂಬಂಧವನ್ನು ಮುಂದಿನ ಪ್ರಶ್ನೆಯಲ್ಲಿ ತೋರಿಸುತ್ತೇನೆ ಎಂದೆ. ನ್ಯಾಯಾಧೀಶರು ಕೇಳಿರಿ ಎಂದರು.

"ಅಂಗಡಿ ಮೊದಲಿನಂಗ ನಡದಿಲ್ಲ, ಅದಕ್ಕ ಆ ಕಾರು ಸಾಲಾ ಮಾಡಿ, ಕಂತಿನ ಮ್ಯಾಲ ತಂದೀರಿ ಅಂದ್ರ ಸರಿ ಏನ್ರಿ?"

ಕಾರನ್ನು ಹೇಗೆ ತಂದರು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಹಿಂದೆ ಕುಳಿತ ಆ ನಾಲ್ಕು ಜನರ ಕಿವಿಗೆ ಅದು ಬಿದ್ದರೆ ಸಾಕಾಗಿತ್ತು. ಒಬ್ಬ ಇನ್ನೊಬ್ಬನ ಕಡೆ ಬಾಗಿ ಏನೋ ಅಂದ. ಸಾವಕಾರನ ಕುತ್ತಿಗೆ ಕೆಂಪಾಯಿತು.

"ಯಾಂವ ಹೇಳಿದಾಂವ? ನಮ್ಮ ಅಂಗಡೀಗೆ ಏನಾಗೇತಿ? ನಮ್ಮ ಮನೀಗೆ ಕಂತಿನ ಕಾರು ಬಂದಿಲ್ಲ, ಬರೂದೂ ಇಲ್ಲ!"

"ಮತ್ತ ರೊಕ್ಕಾ ಎಲ್ಲಿಂದ ಬಂತ್ರಿ?"

"ನಮ್ಮ ಮನ್ಯಾಗ ಕಾರಿಗೆ ನಾವು ರೊಕ್ಕಾ ಹಾಕೂದಿಲ್ಲ! ಹಿರ್ಯಾಂವಂದು ಬೀಗರು ಕೊಟ್ರು. ಇವಂದೂ ನೀವ ಕೊಡಬೇಕಾಗಿತ್ತು. ಚೆಕ್ ಕೊಟ್ಟಂಗ ಮಾಡಿ, ಹಿಂದಿಂದ ತಡದು ಮಾನಾ ಕಳದ್ರಿ. ಕಡೀಕೆ ನಾವ ಗಂಟಿನಿಂದ ಹಾಕೂ ಹಂಗ ಆತು!"

ಅವನ ವಕೀಲರು ಕುರ್ಚಿಯ ಹಿಡಿಕೆ ಹಿಡಿದುಕೊಂಡು ಅರ್ಧ ಎದ್ದು ಹಾಗೇ ನಿಂತರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, "ಇನ್ನೊಮ್ಮೆ ಹೇಳಿ. ನಿಧಾನವಾಗಿ" ಎಂದರು. ಸಾವಕಾರ ತನ್ನ ವಕೀಲರ ಕಡೆ ತಿರುಗಿದ. ಅವನಿಗೆ ಈಗ ಗೊತ್ತಾಗಿತ್ತು. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ದವಾಖಾನೆಯಲ್ಲಿ ಅಪ್ಪನ ಮಂಚದ ಪಕ್ಕ ಕುಳಿತು ನನ್ನನ್ನು ಕೇಳಿದ ಕಣ್ಣುಗಳು ಅವು. ಅವು ಮೊದಲ ಸಲ ನೆಲ ನೋಡಿದವು.

ನ್ಯಾಯಾಧೀಶರು ಬರೆಸಿದ್ದು ನನಗೆ ಬಾಯಿಪಾಠವಾಗಿದೆ: 'ನನ್ನ ಕಿರಿಯ ಮಗನ ಕಾರನ್ನು ಆರೋಪಿಯ ಕಡೆಯವರು ಕೊಡಬೇಕಾಗಿತ್ತು. ಅದಕ್ಕಾಗಿ ಚೆಕ್ಕು ಕೊಟ್ಟು ಆಮೇಲೆ ತಡೆದರು ಎಂದರೆ ಸರಿ.'

"ನಿಮ್ಮ ಪ್ರಶ್ನೆಗಳು ಮುಗಿದವೇ?" ಎಂದು ಕೇಳಿದರು. ಮುಗಿದಿದ್ದವು. ಆದರೂ ನಾನು ಇನ್ನೊಂದಷ್ಟು ಹೊತ್ತು ಕೇಳಿದೆ. ಎಂಟು ಲಕ್ಷದಲ್ಲಿ ನೋಟುಗಳು ಎಂಥವಿದ್ದವು, ಯಾವ ಚೀಲದಲ್ಲಿ ಹಾಕಿಕೊಟ್ಟಿರಿ, ಅಂಗಡಿಯಲ್ಲಿ ಆಗ ಯಾರಿದ್ದರು. ಬೇಕಾಗಿರಲಿಲ್ಲ. ಅವನು ಅಲ್ಲಿ ಬೆವರುತ್ತ ನಿಂತಿರಬೇಕಾಗಿತ್ತು, ಅಷ್ಟೇ. ನ್ಯಾಯಾಧೀಶರೇ ಕೊನೆಗೆ ಸಾಕು ಎಂದರು.

ಮುಂದೆ ಅವನ ವಕೀಲರು ಆ ಮಾತನ್ನು ತೇಪೆ ಹಾಕಲು ನೋಡಿದರು. ಸಿಟ್ಟಿನಲ್ಲಿ ಆಡಿದ್ದು, ನೋಟಿಸಿಗೆ ಆರೋಪಿ ಉತ್ತರವನ್ನೇ ಕೊಟ್ಟಿಲ್ಲ ಎಂದೆಲ್ಲ ವಾದಿಸಿದರು. ನಾನು ನನ್ನ ವಾದವನ್ನು ಕನ್ನಡದಲ್ಲಿ ಬರೆದು ಓದಿದೆ. ಅಪ್ಪ ಸಾಕ್ಷಿ ಹೇಳಲು ಕಟಕಟೆ ಹತ್ತಿದರು. ದವಾಖಾನೆಯ ಮಾತನ್ನೂ ಹೇಳಿದರು. ಕೊನೆಗೆ ಒಂದು ಮುಂಜಾನೆ ತೀರ್ಪು ಓದಿದರು. ಫಿರ್ಯಾದಿ ಹೇಳುವ ಸಾಲ ಇರಲೇ ಇಲ್ಲ, ಚೆಕ್ಕು ಕೊಟ್ಟದ್ದು ವರದಕ್ಷಿಣೆಗಾಗಿ, ಕಾನೂನು ಅಂಥ ಹಣವನ್ನು ವಸೂಲು ಮಾಡಿಕೊಡುವುದಿಲ್ಲ. ನನ್ನನ್ನು ಖುಲಾಸೆ ಮಾಡಿದರು.

ಅಪ್ಪ ಅಲ್ಲೇ ಕೈಮುಗಿದರು. ನಾನು ಸಾವಕಾರನನ್ನು ನೋಡಿದೆ. ಅವನು ಮೊಬೈಲು ನೋಡುತ್ತಿದ್ದ. ಹೊರಗೆ ಬಂದು ವಕೀಲರಿಗೆ, "ಹೋಗ್ಲಿ ಬಿಡ್ರಿ, ಒಂದ್ ಲೋಡ್ ಹತ್ತಿ ತೊಯ್ತು ಅಂತ ತಿಳಕೋತೇನಿ" ಎಂದು ನಕ್ಕ. ನನಗೆ ಕೇಳಲಿ ಎಂದೇ ಅಂದದ್ದು.

ಆ ನಗು ಇಲ್ಲದಿದ್ದರೆ ನಾನು ಬಹುಶಃ ಮನೆಗೆ ಹೋಗಿ ಸುಮ್ಮನಾಗುತ್ತಿದ್ದೆ. ಅವತ್ತೇ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ಅವನ ಸಾಕ್ಷ್ಯದ ಪ್ರತಿಗೆ ಅರ್ಜಿ ಹಾಕಿದೆ. ಅದನ್ನು ಹಿಡಿದು ವರದಕ್ಷಿಣೆ ಕೇಳಿದ ಬಗ್ಗೆ ದೂರು ಕೊಡಲು ಠಾಣೆಗೆ ಹೋದೆ. "ಮದುವಿ ಆಗಿಲ್ಲ, ರೊಕ್ಕಾನೂ ಹೋಗಿಲ್ಲ, ಇನ್ನ ಯಾಕ್ರಿ ಮೇಡಂ?" ಎಂದರು. ನಾನು ನೇರವಾಗಿ ಕೋರ್ಟಿಗೇ ದೂರು ಕೊಟ್ಟೆ. ಪ್ರಮಾಣ ಮಾಡಿ ಹೇಳಿದ ಅವನದೇ ಮಾತಿರುವಾಗ ಬೇರೆ ಸಾಕ್ಷಿ ಹುಡುಕುವ ಕೆಲಸವಿರಲಿಲ್ಲ. ಕೇಸು ದಾಖಲಾಯಿತು. ಆರೋಪಿಯ ವಿಳಾಸ ಎಂಬ ಜಾಗದಲ್ಲಿ ಅವನ ದಲಾಲಿ ಅಂಗಡಿಯ ವಿಳಾಸ ಬರೆದೆ. ಹತ್ತಿಯ ಸೀಸನ್ನಿನಲ್ಲಿ, ಹರಾಜಿನ ಸವಾಲು ನಡೆಯುವ ಹೊತ್ತಿಗೆ, ಇಡೀ ಮಾರ್ಕೆಟ್ಟಿನ ನಡುವೆ ಅವನಿಗೆ ಸಮನ್ಸು ಮುಟ್ಟಿತಂತೆ. ಸುದ್ದಿ ಹೇಳಿದವರಿಗೆ ನಾನು ಚಹಾದ ಜೊತೆ ಪೇಢೆ ಕೊಟ್ಟೆ.

ಆಮೇಲೆ ರಾಯಾಪುರದಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಸಾವಕಾರನ ಕಿರಿಯ ಮಗನ ಜೊತೆ ಆ ಹುಡುಗಿಯ ಸಂಬಂಧ ಮಾತಾಡುತ್ತಿದ್ದರು. "ನಿಮ್ಮ ಕೂಡ ಏನೋ ಆಗಿತ್ತಂತ. ಖರೇ ಏನು ಹೇಳ್ರಿ" ಎಂದರು. ನಾನು ಒಳಗೆ ಹೋದೆ. ಸಾವಕಾರನ ಸಾಕ್ಷ್ಯದ ಪ್ರತಿ ತಂದು ಹುಡುಗಿಯ ಕೈಗೇ ಕೊಟ್ಟೆ. ಅವಳು ಓದುತ್ತಿರುವಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಓದಿ ಮುಗಿಸಿ ತಂದೆಗೆ, "ನಡೀರಿ ಮನೀಗೆ" ಎಂದಳು. ಆ ಸಂಬಂಧ ಮುರಿಯಿತು. ಮುಂದೆ ಇನ್ನೆರಡು ಕಡೆಯವರು ಬಂದು ಕೇಳಿದರು, ಅವರಿಗೂ ಕೊಟ್ಟೆ. ಆ ಹುಡುಗನದು ಏನು ತಪ್ಪು ಎಂದು ಅವ್ವ ಕೇಳಿದಳು. ಅವನು ಅವತ್ತು ಫೋನಿನಲ್ಲಿ ಆಡಿದ ಮಾತನ್ನು ಅವ್ವನಿಗೆ ನೆನಪಿಸಿದೆ.

ಸಾವಕಾರ ಒಮ್ಮೆ ತಾನೇ ನಮ್ಮ ಮನೆಗೆ ಬಂದ. ಮಗನನ್ನೂ ಕರೆತಂದಿರಲಿಲ್ಲ, ವಕೀಲರನ್ನೂ ಇಲ್ಲ. ಅಪ್ಪ ಎದ್ದು ಕುರ್ಚಿ ಕೊಟ್ಟರು. "ಕೇಸ್ ಹಿಂದಕ್ಕ ತಗೋ ಯವ್ವಾ. ನನಗೂ ವಯಸ್ಸಾತು, ಬಿಪಿ ಐತಿ. ಮಂದ್ಯಾಗ ತಲಿ ಎತ್ತಾಕ ಆಗವಲ್ದು" ಎಂದ.

"ನಮ್ಮ ಅಪ್ಪಾಗೂ ಎದಿಗೆ ಸ್ಟೆಂಟ್ ಹಾಕೇತ್ರಿ" ಎಂದೆ.

ಅವನು ಕಾದ. ನಾನು ಪೇಪರು ತಿದ್ದಲು ಕುಳಿತೆ. ಅಪ್ಪ ನೀರು ತಂದುಕೊಟ್ಟರು. ಅರ್ಧ ಕುಡಿದು ಎದ್ದುಹೋದ.

ಆ ಕೇಸು ಇನ್ನೂ ನಡೆದಿದೆ. ದೂರು ಕೊಟ್ಟವಳು ಪ್ರತಿ ತಾರೀಖಿಗೂ ಹೋಗಲೇಬೇಕೆಂದಿಲ್ಲ, ಕೋರ್ಟಿನಿಂದ ವಿನಾಯಿತಿ ಕೇಳಬಹುದು. ಆದರೂ ಅರ್ಧ ದಿನ ರಜೆ ಹಾಕಿ ಹೋಗುತ್ತೇನೆ, ಅವನಿಗೆ ಕಾಣುವ ಹಾಗೆ ಕುಳಿತುಕೊಳ್ಳುತ್ತೇನೆ. ಕಳೆದ ಸಲ ಲಿಫ್ಟು ಕೆಟ್ಟಿತ್ತು. ಅವನು ಮೆಟ್ಟಿಲ ಮೇಲೆ ಅರ್ಧದಲ್ಲಿ ಏದುಸಿರು ಬಿಡುತ್ತ ಕುಳಿತುಬಿಟ್ಟಿದ್ದ. ಮಗ ಕೆಳಗೆ ಗಾಡಿ ನಿಲ್ಲಿಸಲು ಹೋಗಿದ್ದನೋ ಏನೋ, ಜೊತೆಗೆ ಯಾರೂ ಇರಲಿಲ್ಲ. ನನ್ನನ್ನು ನೋಡಿ, ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ನೋಡಿದ. ಬಾಯಿಬಿಟ್ಟು ಕೇಳಲಿಲ್ಲ. ನಾನು ಪಕ್ಕದಿಂದ ಹತ್ತಿ ಹೋದೆ. ಮೇಲೆ ನಿಂತು ತಿರುಗಿ ನೋಡಿದಾಗ ಕೋರ್ಟಿನ ಯಾರೋ ಕಾರಕೂನರು ಅವನನ್ನು ಎಬ್ಬಿಸುತ್ತಿದ್ದರು.

ಮನೆಗೆ ಬಂದು ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಓದುತ್ತಿದ್ದ ಪೇಪರು ಮಡಿಚಿಟ್ಟರು.

"ಸಾಕ ಮಾಡವಾ ಇನ್ನ" ಎಂದರು.

"ಯಾಕ?"

"ನಾ ಯಾವಾಗೋ ಮರತೇನಿ."

"ನೀವು ಮರತೀರಿ. ನಿಮ್ಮ ಕಣ್ಣಾಗ ನೀರು ಬಂದದ್ದನ್ನ ನೀವು ನೋಡಿಲ್ಲ, ನಾ ನೋಡೇನಿ."

ಅಪ್ಪ ಎದ್ದು ಕೈಕಾಲು ತೊಳೆಯಲು ಹೋದರು. ನಾನು ಒಳಗೆ ಹೋಗಿ ಅವರಿಗೆ ಉಪ್ಪು ಕಡಿಮೆ ಹಾಕಿದ ಸಾರು ಕಾಯಿಸಿದೆ. ಎರಡು ರೊಟ್ಟಿ ಉಂಡೆ. ಮುಂದಿನ ತಾರೀಖಿನ ದಿನ ನನ್ನ ಏಳನೆಯ ಪಿರಿಯಡ್ ಯಾರು ತೆಗೆದುಕೊಳ್ಳುತ್ತಾರೆ ಎಂದು ಹೆಡ್‌ಮಾಸ್ತರರಿಗೆ ಫೋನು ಮಾಡಿ ಕೇಳಿದೆ.